ಹುಳ ಎದ್ದರೂ ಸೊಪ್ಪು ಹಾಕಬೇಡಿ ಅಂದರು

ನಮ್ಮದು ಕನಕಪುರದ ಕಡೆಯ ಹಳ್ಳಿ. ನಾನು ಚಾಕಿ ಕೇಂದ್ರ ನಡೆಸುತ್ತೇನೆ. ಅಂದರೆ ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಎರಡನೇ ಜ್ವರ ಏಳುವವರೆಗೆ ಸಾಕಿ, ಆಮೇಲೆ ಸುತ್ತಮುತ್ತಲ ರೈತರಿಗೆ ಕೊಡುವ ಕೆಲಸ. ಪೊರೆ ಬಿಡುವ ಮುಂಚೆ ಹುಳ ತಿನ್ನೋದು ನಿಲ್ಲಿಸಿ ತಲೆ ಎತ್ತಿ ಸುಮ್ನೆ ಇರುತ್ತದಲ್ಲ, ಅದಕ್ಕೆ ನಾವು ಜ್ವರ ಅಂತೀವಿ. ಒಂದು ಚಿಟ್ಟೆ ಇಟ್ಟಷ್ಟನ್ನೂ ಸೇರಿಸಿ ಒಂದು ಮೊಟ್ಟೆ ಅಂತ ಲೆಕ್ಕ. ಅದರಲ್ಲಿ ಸುಮಾರು 500 ಹುಳ. 500 ಮೊಟ್ಟೆಯಿಂದ ಶುರು ಮಾಡಿದವನು ಈಗ ಒಂದು ಬ್ಯಾಚಿಗೆ 5,000 ಮೊಟ್ಟೆ ಹಾಕುತ್ತೇನೆ.

ಈ ಕಸುಬು ನನಗೆ ಸಿಕ್ಕಿದ್ದರ ಹಿಂದೆ ಜಪಾನಿನವರ ಪಾಲಿದೆ. ಬೇರೆ ದೇಶಗಳಿಗೆ ನೆರವು ಕೊಡುವ ಅವರ ಸರ್ಕಾರದ ಜೈಕಾ ಸಂಸ್ಥೆ ಮತ್ತು ನಮ್ಮ ಕೇಂದ್ರ ರೇಷ್ಮೆ ಮಂಡಳಿ ಸೇರಿ 1991ರಿಂದ 2007ರವರೆಗೆ ಮೂರು ಹಂತದಲ್ಲಿ ದ್ವಿತಳಿ ರೇಷ್ಮೆಯ ಕೆಲಸ ಮಾಡಿದರು. ದ್ವಿತಳಿ ಅಂದರೆ ಸಹಜವಾಗಿ ವರ್ಷಕ್ಕೆ ಎರಡು ಪೀಳಿಗೆ ಬರುವ, ಬಿಳಿ ಗೂಡು ಕಟ್ಟುವ ಹುಳ. ಮೊದಲ ಹಂತ ಮೈಸೂರಿನ ಸಂಶೋಧನಾ ಸಂಸ್ಥೆಯ ಒಳಗೇ ನಡೆಯಿತು. ಸಿಎಸ್‌ಆರ್-2, ಸಿಎಸ್‌ಆರ್-4 ತಳಿಗಳು ಬಂದದ್ದು ಅಲ್ಲಿಂದ. 1997ರ ನಂತರ ಅದು ರೈತರ ಮನೆಗೆ ಬಂತು. ಆಗ ಹುಳವನ್ನು ಗೂಡಿನವರೆಗೂ ಸಾಕುತ್ತಿದ್ದ ನಾನು ಸಿಕ್ಕಿಬಿದ್ದೆ!

ಜಪಾನಿನವರು ಇಲ್ಲಿಗೆ ಬಂದದ್ದು ಅದೇ ಮೊದಲೇನಲ್ಲ. ನೂರು ವರ್ಷಕ್ಕೂ ಹಿಂದೆ ಜಮ್ಶೆಟ್‌ಜಿ ಟಾಟಾ ಅವರು ಬೆಂಗಳೂರಲ್ಲಿ ರೇಷ್ಮೆ ಫಾರಂ ಮಾಡಿ, ಜಪಾನಿನಿಂದಲೇ ಜನರನ್ನು ಕರೆಸಿದ್ದರು. ಬಸವನಗುಡಿ ಪಕ್ಕದಲ್ಲಿ ಟಾಟಾ ಸಿಲ್ಕ್ ಫಾರಂ ಅನ್ನೋ ಹೆಸರು ಇವತ್ತಿಗೂ ಇದೆ. ಹುಳ ಮಾತ್ರ ಇಲ್ಲ, ಬರೀ ಟ್ರಾಫಿಕ್.

ನಮ್ಮ ಮನೆಗೆ ಬಂದ ತಜ್ಞರನ್ನು ಊರಲ್ಲಿ ಎಲ್ಲರೂ ಜಪಾನ್ ಸಾರ್ ಅಂತಿದ್ದರು. ಜೊತೆಗೆ ನಮ್ಮ ವಿಸ್ತರಣಾಧಿಕಾರಿ ಇರುತ್ತಿದ್ದರು. ಅವರು ಇಂಗ್ಲಿಷಲ್ಲಿ ಹೇಳೋದು, ಇವರು ಕನ್ನಡಕ್ಕೆ ತಿರುಗಿಸೋದು. ಕೊಟ್ಟದ್ದೇನು ಅಂತ ಕೇಳಿದರೆ ದುಡ್ಡಲ್ಲ. ಒಣ-ಒದ್ದೆ ಥರ್ಮಾಮೀಟರ್ ಒಂದು, ನೋಟ್‌ಬುಕ್ ಒಂದು. ದಿನಕ್ಕೆ ನಾಲ್ಕು ಸಲ ಶಾಖ, ತೇವ ಬರೆಯಬೇಕು. ಚಾಕಿ ಕೋಣೆಯಲ್ಲಿ 27-28 ಡಿಗ್ರಿ, ತೇವ ನೂರಕ್ಕೆ 85ರ ಮೇಲೆ. ಮೊದಲ ವಾರ ನಾನು ಸಂಜೆ ಕೂತು ನಾಲ್ಕನ್ನೂ ಒಟ್ಟಿಗೆ ಬರೆದಿದ್ದೆ. ಅವರು ಪುಟ ತಿರುಗಿಸಿ ನೋಡಿದರು, ನಕ್ಕರು. ನಾಲ್ಕೂ ಒಂದೇ ಪೆನ್ನು, ಒಂದೇ ಕೈಬರಹ, ಮಧ್ಯಾಹ್ನಕ್ಕೂ ರಾತ್ರಿಗೂ ಒಂದೇ ಶಾಖ. ಬಯ್ಯಲಿಲ್ಲ. ಮಾರನೇ ದಿನದಿಂದ ನಾನು ಸರಿಯಾಗಿ ಬರೆದೆ.

ನಿಜವಾದ ಜಗಳ ಆದದ್ದು ಎರಡನೇ ಜ್ವರದಲ್ಲಿ. ನಮ್ಮಲ್ಲಿ ನಾಲ್ಕು ಹುಳ ಎದ್ದರೆ ಸಾಕು, ಸೊಪ್ಪು ಉದುರಿಸುತ್ತಿದ್ದೆವು. ಅವರು ಬೇಡ ಅಂದರು. ನೂರಕ್ಕೆ 95 ಹುಳ ಪೊರೆ ಬಿಡುವವರೆಗೆ ಒಂದು ಎಲೆಯೂ ಬೇಡ, ಹಾಸಿಗೆ ಒಣಗಲಿ, ಮೇಲೆ ಸುಣ್ಣದ ಪುಡಿ ಹಾಕಿ ಅಂದರು. ತಟ್ಟೆಯಲ್ಲಿ ಮೊದಲು ಎದ್ದ ಹುಳಗಳು ತಲೆ ಆಡಿಸಿಕೊಂಡು ಎಲೆ ಹುಡುಕುತ್ತಿದ್ದವು. ನಮ್ಮವ್ವ ಬಾಗಿಲಲ್ಲೇ ನಿಂತಿದ್ದಳು. "ಹಸಿದ ಕೂಸಿಗೆ ಹಾಲು ಕೊಡಬೇಡ ಅಂತಾನಲ್ಲ, ಇವನ್ಯಾವ ಸೀಮೆ ಮನುಷ್ಯನಪ್ಪ" ಅಂದಳು. ಅಧಿಕಾರಿ ಇದನ್ನು ತರ್ಜುಮೆ ಮಾಡಲಿಲ್ಲ, ಕೆಮ್ಮಿಬಿಟ್ಟರು.

ರಾತ್ರಿಯೆಲ್ಲ ಅವ್ವನನ್ನು ಕಾಯೋದೇ ನನಗೆ ಕೆಲಸ ಆಯ್ತು. ಬೆಳಗ್ಗೆ ಎಲ್ಲಾ ಎದ್ದ ಮೇಲೆ ಒಟ್ಟಿಗೆ ಸೊಪ್ಪು ಕೊಟ್ಟೆವು. ಅದರ ಗುಟ್ಟು ಗೂಡು ಕಟ್ಟುವಾಗ ತಿಳಿಯಿತು. ಮೊದಲು ಒಂದೇ ತಟ್ಟೆಯಲ್ಲಿ ದೊಡ್ಡದು, ಸಣ್ಣದು, ಇನ್ನೂ ಮಲಗಿದ್ದು ಎಲ್ಲಾ ಸೇರಿ, ಗೂಡು ಕಟ್ಟೋಕೆ ತಯಾರಾದ ಹಣ್ಣು ಹುಳ ಆರಿಸೋಕೆ ಮೂರು ದಿನ ಹಿಡಿಯುತ್ತಿತ್ತು. ಈ ಸಲ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಹಣ್ಣಾದವು. ಆಳಿನ ಖರ್ಚು ಅಲ್ಲೇ ಉಳಿಯಿತು. ನನ್ನಿಂದ ಚಾಕಿ ಒಯ್ಯುವ ರೈತರು ಮೊದಲು ಕೇಳೋದು ಇವತ್ತಿಗೂ ಇದನ್ನೇ: ಹುಳ ಒಂದೇ ಸಮ ಇದೆಯಾ?

ಎಲ್ಲವೂ ಹಿಡಿಸಲಿಲ್ಲ. ಒಂದು ತಪ್ಪಂತೂ ನನ್ನದೇ. ತರಬೇತಿಯಲ್ಲಿ ತೋರಿಸಿದ ಜಪಾನಿನ ಶೆಡ್ಡಿನ ಫೋಟೋ ನೋಡಿ, ಯಾರನ್ನೂ ಕೇಳದೆ, ನನ್ನ ದೊಡ್ಡ ಹುಳದ ಮನೆಯ ಕಿಟಕಿಗಳನ್ನು ಮುಚ್ಚಿಸಿದೆ. ಅವರ ಚಳಿಗೆ ಅದು ಸರಿ. ನಮ್ಮ ಏಪ್ರಿಲ್‌ಗೆ, ಅದೂ ತಗಡಿನ ಚಾವಣಿ ಕೆಳಗೆ? ನಾಲ್ಕನೇ ಜ್ವರ ಎದ್ದ ಮೇಲಿನ ಐದನೇ ಹಂತದಲ್ಲಿ ಹುಳ ಸಪ್ಪೆ ರೋಗಕ್ಕೆ ಬಿದ್ದು, ಕಪ್ಪಾಗಿ ನಾರತೊಡಗಿದವು. 200 ಮೊಟ್ಟೆ ಬೆಳೆ ಗುಂಡಿಗೆ ಹೋಯ್ತು. ಆಮೇಲೆ ಕಿಟಕಿ ತೆಗೆಸಿ ನೈಲಾನ್ ಬಲೆ ಹಾಕಿಸಿದೆ, ಹುಳವನ್ನು ಕೊಲ್ಲುವ ಊಜಿ ನೊಣ ತಡೆಯೋಕೂ ಅದು ಬೇಕು. ತಗಡಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿ.

ಹುಳ ಗೂಡು ಕಟ್ಟೋಕೆ ಬಿಡುವ ಚೌಕಟ್ಟಿಗೆ ಚಂದ್ರಂಕಿ ಅಂತೀವಿ. ಅವರ ರೋಟರಿ ಚಂದ್ರಂಕಿ ನೋಡೋಕೆ ಬಲು ಚೆಂದ. ಒಂದು ಚೌಕಟ್ಟಿಗೆ 156 ರಟ್ಟಿನ ಖಾನೆ, ಹತ್ತು ಚೌಕಟ್ಟು ಸೇರಿ ಒಂದು ಸೆಟ್. ಹುಳ ಯಾವಾಗಲೂ ಮೇಲಕ್ಕೆ ಹತ್ತುತ್ತವೆ, ಮೇಲ್ಭಾಗ ಭಾರವಾಗಿ ಇಡೀ ಸೆಟ್ಟು ತಾನೇ ತಿರುಗುತ್ತದೆ, ಹುಳ ಮತ್ತೆ ಖಾಲಿ ಖಾನೆಗೆ. ಆದರೆ ರೇಟು ಜಾಸ್ತಿ, ಮಳೆಗಾಲದ ತೇವಕ್ಕೆ ರಟ್ಟು ಮೆತ್ತಗಾಗುತ್ತದೆ. ನಮ್ಮೂರಲ್ಲಿ ಹೆಚ್ಚಿನವರು ಮಡಚಿಡಬಹುದಾದ ಪ್ಲಾಸ್ಟಿಕ್ ಚಂದ್ರಂಕಿ, ಅಂದರೆ ನೇತ್ರಿಕೆಗೇ ಬಂದು ನಿಂತರು.

ಇನ್ನು ಮಾರಾಟ. ಮೊದಲ ದ್ವಿತಳಿ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ದ ದಿನ ಮದುವೆಗೆ ಹೊರಟ ಹಾಗಿತ್ತು. ಬೆಳ್ಳಗೆ, ಗಟ್ಟಿಯಾಗಿ, ಒಂದೊಂದು ಗೂಡಲ್ಲಿ ಸಾವಿರ ಮೀಟರ್ ಎಳೆ. ಗೂಡಿನಿಂದ ನೂಲು ಬಿಚ್ಚುವ ರೀಲರ್ ಒಬ್ಬರು ಎರಡು ಗೂಡು ಕಿವಿ ಹತ್ತಿರ ಅಲ್ಲಾಡಿಸಿ ನೋಡಿದರು. "ಗೂಡೇನೋ ಚಿನ್ನ ಕಣಣ್ಣ, ಆದರೆ ನನ್ನ ಹತ್ರ ಇರೋದು ಕೈಯಲ್ಲಿ ತಿರುಗಿಸೋ ಚರಕ. ಇದಕ್ಕೆ ಜಾಸ್ತಿ ಕೊಟ್ಟು ನಾನೇನು ಮಾಡ್ಲಿ" ಅಂದರು. ನಾಟಿ ಹುಳಕ್ಕೆ ದ್ವಿತಳಿ ಸೇರಿಸಿದ ಮಿಶ್ರತಳಿ ಗೂಡಿಗಿಂತ ಸ್ವಲ್ಪವೇ ಮೇಲೆ ಹರಾಜು ನಿಂತಿತು. ಅವರು ಹೇಳಿದ್ದು ಸರಿಯಾಗೇ ಇತ್ತು. ಆ ಗೂಡಿನ ಬೆಲೆ ಹೊರಬರೋದು ಒಳ್ಳೆ ಯಂತ್ರದಲ್ಲಿ. ಸಾಕೋದು ನಾವು ಬೇಗ ಕಲಿತೆವು, ನೂಲು ಬಿಚ್ಚುವ ಕಡೆ ಬದಲಾವಣೆ ನಿಧಾನವಾಗಿ ಬಂತು. ನಡುವೆ ಅಗ್ಗದ ಚೀನಾ ರೇಷ್ಮೆ ಬೇರೆ ಬಂದು ಬಿತ್ತು. ಆಮೇಲೆ ಶಿಡ್ಲಘಟ್ಟ, ರಾಮನಗರದ ಕಡೆ ಸ್ವಯಂಚಾಲಿತ ಯಂತ್ರ ಬಂದ ಮೇಲೇ ಬಿಳಿ ಗೂಡಿಗೆ ಕೈ ಮೇಲಾಯ್ತು. ಆ ಯಂತ್ರ ಬಂದದ್ದೂ ಚೀನಾದಿಂದಲೇ, ನೋಡಿ.

ಈಗ ಬರೋದು ಬೇರೆ ಥರದ ಅತಿಥಿಗಳು. ಅಂತರರಾಷ್ಟ್ರೀಯ ರೇಷ್ಮೆ ಆಯೋಗ ಫ್ರಾನ್ಸಿನ ಲಿಯಾನ್ ಬಿಟ್ಟು ಬೆಂಗಳೂರಿಗೆ ಬಂದಿದೆ. ಮೈಸೂರಿನಲ್ಲಿ ಆಫ್ರಿಕಾ, ಏಷ್ಯಾದವರಿಗೆ ನಮ್ಮವರೇ ತರಬೇತಿ ಕೊಡುತ್ತಾರೆ. ಹೋದ ಸಲ ಒಂದು ತಂಡ ನಮ್ಮಲ್ಲಿಗೂ ಬಂತು. ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ಅದ್ದಿಸಿ ಒಳಗೆ ಬಿಟ್ಟೆ. ಉಗಾಂಡಾದ ಹೆಣ್ಣುಮಗಳೊಬ್ಬಳು ಬಲು ಚುರುಕು. ನಾನು ಹೇಳಿದ್ದೆಲ್ಲ ಬರೆದುಕೊಂಡಳು. ನಾನು ಮೊದಲು ಹೇಳಿದ್ದು ಹುಳದ ವಿಷಯವಲ್ಲ. ನಿಮ್ಮ ಗೂಡು ಕೊಳ್ಳೋರು ಯಾರು, ಅವರ ಹತ್ತಿರ ಯಾವ ಯಂತ್ರ ಇದೆ, ಅದನ್ನು ಮೊದಲು ಹೋಗಿ ನೋಡಿಕೊಂಡು ಬಾ ತಾಯಿ ಅಂದೆ.

ಆಮೇಲೆ ಅವಳು ಸೊಪ್ಪು ಒಣಗದಿರಲಿ ಅಂತ ತಟ್ಟೆಯ ಮೇಲೆ ಹೊದಿಸಿದ್ದ ಮೇಣದ ಕಾಗದ ಮುಟ್ಟಿ, ಎಷ್ಟು ಬೆಲೆ ಅಂತ ಕೇಳಿದಳು. ಹೇಳಿದೆ. ಮುಖ ಸಪ್ಪಗಾಯ್ತು. ನಮ್ಮಲ್ಲಿ ಬಾಳೆ ಎಲೆ ಬೇಕಾದಷ್ಟಿದೆ, ಅದು ಆಗಲ್ವಾ ಅಂದಳು. ನನಗೆ ಗೊತ್ತಿರಲಿಲ್ಲ.

ಮುಂದಿನ ಬ್ಯಾಚಿನಲ್ಲಿ ಒಂದು ತಟ್ಟೆಗೆ ಬಾಳೆ ಎಲೆ ಹೊದಿಸಿ ನೋಡಿದೆ. ಒಂದೇ ದಿನಕ್ಕೆ ಒಣಗಿ ಸುರುಳಿ ಸುತ್ತಿಕೊಂಡಿತು. ಮೇಲೆ ಒದ್ದೆ ಬಟ್ಟೆ ಹಾಕಿದರೆ ಎರಡು ದಿನ ಬಂತು. ಹುಳಕ್ಕೆ ಏನೂ ಆಗಲಿಲ್ಲ. ಶಾಖ, ತೇವ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಆ ಪುಟದ ಫೋಟೋ ತೆಗೆದು ಅವಳಿಗೆ ವಾಟ್ಸಾಪ್ ಮಾಡಿದೆ.