ಯಾವ ಕಾಗದ ಮೊದಲು, ಯಾವ ಕಚೇರಿ ಆಮೇಲೆ: ಹಳ್ಳಿಯ ವಿಕಲಚೇತನ ಮಹಿಳೆಯ ಪಿಂಚಣಿ

ಅಂಗವೈಕಲ್ಯದ ಪ್ರಮಾಣಪತ್ರ ಬರೆಯುವುದು ಆಸ್ಪತ್ರೆ. ಪಿಂಚಣಿ ಮಂಜೂರು ಮಾಡುವುದು ಕಂದಾಯ ಇಲಾಖೆ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಗಾಲಿಕುರ್ಚಿ, ಊರುಗೋಲು ವಿಕಲಚೇತನರ ಇಲಾಖೆಯವು. ಇವರಲ್ಲಿ ಒಬ್ಬರ ಕಾಗದ ಇನ್ನೊಬ್ಬರ ಮೇಜಿಗೆ ತಾನಾಗಿ ಹೋಗುವುದಿಲ್ಲ, ನಾವೇ ಒಯ್ಯಬೇಕು. ಎಲ್ಲಕ್ಕೂ ಒಂದೇ ವಾರದಲ್ಲಿ ಅರ್ಜಿ ಹಾಕಿ ಎಲ್ಲ ಕಡೆಯೂ ಸಿಕ್ಕಿಹಾಕಿಕೊಳ್ಳುವವರೇ ಹೆಚ್ಚು. ಆಧಾರ್, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಬ್ಯಾಂಕ್ ಖಾತೆ, ಆಮೇಲೆ ಪಿಂಚಣಿ ಅರ್ಜಿ. ಈ ಕ್ರಮ ತಪ್ಪಿಸಬೇಡಿ.

ಹೊರಡುವ ಮುಂಚೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರೆಂದು ಕೇಳಿಕೊಳ್ಳಿ. ಪಂಚಾಯಿತಿಯಲ್ಲಿ ‘ವಿಆರ್‌ಡಬ್ಲ್ಯೂ’ ಎಂದರೆ ಗೊತ್ತಾಗುತ್ತದೆ. ಬಹುಪಾಲು ಅವರೂ ವಿಕಲಚೇತನರೇ, ಹಾಗಾಗಿ ಈ ದಾರಿಯನ್ನೆಲ್ಲ ತಾವೇ ತುಳಿದವರು. ಆ ಹುದ್ದೆ ಖಾಲಿಯಿದ್ದರೆ ತಾಲ್ಲೂಕು ಮಟ್ಟದ ‘ಎಂಆರ್‌ಡಬ್ಲ್ಯೂ’ ಅವರನ್ನು ಹಿಡಿಯಿರಿ.

ಮೊದಲು ಆಧಾರ್

ರೇಷನ್ ಕಾರ್ಡಿನಲ್ಲಿ ಲಕ್ಷ್ಮವ್ವ, ಆಧಾರಿನಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮೀದೇವಿ. ಊರಿಗೆಲ್ಲ ಒಬ್ಬಳೇ, ಕಂಪ್ಯೂಟರಿಗೆ ಮೂವರು. ಆಧಾರ್ ಸರಿಯಿದ್ದರೆ ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಆಧಾರೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ, ಬೇರೆ ಯಾವ ಅರ್ಜಿಯನ್ನೂ ಅಲ್ಲಿಯವರೆಗೆ ಮುಟ್ಟಬೇಡಿ.

ಮದುವೆಯಾಗಿ ಬಂದವರ ಆಧಾರ್ ಎಷ್ಟೋ ಸಲ ತವರಿನ ವಿಳಾಸದಲ್ಲೇ ಉಳಿದಿರುತ್ತದೆ. ಅರ್ಜಿ ಹಾಕುವುದು ಗಂಡನ ಊರಿನಿಂದ. ಪರಿಶೀಲನೆಗೆ ಬಂದ ಗ್ರಾಮ ಆಡಳಿತ ಅಧಿಕಾರಿ ವಿಳಾಸ ತಾಳೆಯಾಗದೆ ಅರ್ಜಿಯನ್ನು ತಿರಸ್ಕಾರಕ್ಕೆ ಬರೆಯುತ್ತಾರೆ. ಮೊಬೈಲ್ ನಂಬರನ್ನೂ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ನಂಬರ್ ಕೊಟ್ಟಿದ್ದರೆ ಪ್ರತಿ ಓಟಿಪಿಗೂ ಅವನಿಗೇ ಫೋನ್ ಮಾಡುತ್ತ ಕೂರಬೇಕು. ಮನೆಯಲ್ಲೇ ಇರುವ ಫೋನಿನ ನಂಬರ್ ಹಾಕಿಸಿ.

ಕೂಲಿ ಮಾಡಿ ಬೆರಳು ಸವೆದು ಹೆಬ್ಬೆಟ್ಟು ಹತ್ತದಿದ್ದರೆ ಕಣ್ಣಿನ ಪಾಪೆಯ ಸ್ಕ್ಯಾನ್ ಕೇಳಿ. ಕೈ ಅಥವಾ ಬೆರಳು ಇಲ್ಲದವರಿಗೂ ಆಧಾರ್ ಮಾಡಲು ವಿನಾಯಿತಿಯ ದಾರಿ ಇದೆ. ‘ಆಗಲ್ಲ’ ಎಂದು ಕಳಿಸಿದರೆ ಬೇರೆ ಕೇಂದ್ರಕ್ಕೆ ಹೋಗಿ.

ಯುಡಿಐಡಿ: ಶೇಕಡಾವಾರೇ ಎಲ್ಲ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಣ್ಣು, ಕಿವಿ, ಕೈಕಾಲು ಮಾತ್ರವಲ್ಲ. ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ಸಿಕ್ಕವರು, ಕುಬ್ಜತೆ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ತಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗವೂ ಪಟ್ಟಿಯಲ್ಲಿವೆ. ‘ನಂದು ಕಾಯಿಲೆ, ಅಂಗವಿಕಲತೆ ಅಲ್ಲ’ ಎಂದು ಕೂರುವ ಮೊದಲು ಒಮ್ಮೆ ಕೇಳಿ ನೋಡಿ.

ಯುಡಿಐಡಿಯ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಒನ್ ಕೇಂದ್ರದಲ್ಲೋ ವಿಆರ್‌ಡಬ್ಲ್ಯೂ ಮೂಲಕವೋ ಆದೀತು. ಆಧಾರ್, ವಿಳಾಸದ ದಾಖಲೆ, ಪಾಸ್‌ಪೋರ್ಟ್ ಅಳತೆಯ ಫೋಟೊ, ಸಹಿ ಅಥವಾ ಹೆಬ್ಬೆಟ್ಟು ಬೇಕು. ಯಾವ ಆಸ್ಪತ್ರೆ ಎಂದು ಆರಿಸುವಾಗ ಹತ್ತಿರದ್ದು ಎಂಬ ಒಂದೇ ಕಾರಣ ಸಾಲದು. ಬುದ್ಧಿಮಾಂದ್ಯತೆಗೆ ಐಕ್ಯೂ ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರು, ಕಿವಿಗೆ ಆಡಿಯೊಗ್ರಾಂ ಮಾಡುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಎರಡು ಓಡಾಟ ಗ್ಯಾರಂಟಿ. ಅಂಥವರು ನೇರ ಜಿಲ್ಲಾ ಆಸ್ಪತ್ರೆಯನ್ನೇ ಆರಿಸುವುದು ಒಳ್ಳೆಯದು. ಪ್ರಮಾಣಪತ್ರಕ್ಕೆ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ವಾರದ ಗೊತ್ತಾದ ದಿನ ಇರುತ್ತದೆ, ಫೋನ್ ಮಾಡಿ ತಿಳಿದುಕೊಂಡೇ ಹೊರಡಿ. ಹಳೆಯ ಎಕ್ಸ್-ರೇ, ಡಿಸ್ಚಾರ್ಜ್ ಚೀಟಿ, ಮಾತ್ರೆ ಚೀಟಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ.

ಕಾರ್ಡಿನ ಪಟ್ಟಿಯ ಬಣ್ಣ ಶೇಕಡಾವಾರು ಹೇಳುತ್ತದೆ. ಶೇ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡಿಗೆ ಪಿಂಚಣಿ ಇಲ್ಲ.

ಇಲ್ಲೊಂದು ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬ ಹೆಣ್ಣುಮಗಳಿಗೆ ಕಾಲಿನ ವೈಕಲ್ಯ ಶೇ. 35, ಜೊತೆಗೆ ಕಿವಿ ಶೇ. 20 ಕೇಳಿಸದು ಎನ್ನಿ. ಬರೀ ಕಾಲು ತೋರಿಸಿ ಬಂದರೆ ಬಿಳಿ ಕಾರ್ಡ್. ಎರಡನ್ನೂ ತೋರಿಸಿದರೆ ಸೂತ್ರ ಹೀಗೆ: 90ರಿಂದ ದೊಡ್ಡ ಅಂಕೆ ಕಳೆಯಬೇಕು, 55 ಬರುತ್ತದೆ. ಅದನ್ನು ಚಿಕ್ಕ ಅಂಕೆ 20ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 12. ಅದನ್ನು 35ಕ್ಕೆ ಕೂಡಿಸಿದರೆ 47. ಹಳದಿ ಕಾರ್ಡ್, ಪಿಂಚಣಿಗೆ ಅರ್ಹತೆ. ವೈದ್ಯರು ತಮ್ಮ ವಿಭಾಗದ್ದನ್ನು ಮಾತ್ರ ನೋಡುತ್ತಾರೆ, ಕಿವಿಯ ಮಾತನ್ನು ಮೂಳೆ ಡಾಕ್ಟರು ತಾವಾಗಿ ಕೇಳುವುದಿಲ್ಲ. ಇರುವ ತೊಂದರೆಗಳನ್ನೆಲ್ಲ ಅರ್ಜಿಯಲ್ಲೇ ಬರೆಸಿ.

ಕಾರ್ಡ್ ಅಂಚೆಯಲ್ಲಿ ಬರಲಿ ಎಂದು ಕಾಯಬೇಕಿಲ್ಲ, ಪೋರ್ಟಲ್‌ನಿಂದ ಇ-ಕಾರ್ಡ್ ಇಳಿಸಿಕೊಂಡರೆ ಸಾಕು. ಕೈಗೆ ಬಂದೊಡನೆ ನೋಡಬೇಕಾದ್ದು ಇದು ‘ಶಾಶ್ವತ’ವೋ ‘ತಾತ್ಕಾಲಿಕ’ವೋ ಎಂದು. ತಾತ್ಕಾಲಿಕವಾದರೆ ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಮೂರು ತಿಂಗಳ ಮೊದಲೇ ನವೀಕರಣಕ್ಕೆ ಹಾಕಿ. ಇದ್ದಕ್ಕಿದ್ದಂತೆ ಪಿಂಚಣಿ ನಿಲ್ಲುವುದಕ್ಕೆ ಇದೊಂದು ಮುಖ್ಯ ಕಾರಣ.

ಖಾತೆ

‘ಬ್ಯಾಂಕಿಗೆ ಆಧಾರ್ ಲಿಂಕ್ ಮಾಡಿಸಿದ್ದೀವಿ’ ಎಂದರೆ ಸಾಲದು. ಸರ್ಕಾರದ ದುಡ್ಡು ಆಧಾರ್ ನಂಬರಿನ ದಾರಿ ಹಿಡಿದು ಬರುತ್ತದೆ, ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಪಟ್ಟಿಯಲ್ಲಿ ಯಾವ ಬ್ಯಾಂಕ್ ಕೊನೆಯದಾಗಿ ದಾಖಲಾಗಿದೆಯೋ ಅಲ್ಲಿಗೆ. ಸಿಮ್ ತಗೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದುಬಿಟ್ಟರೆ ಆ ಪಟ್ಟಿಯ ದಾಖಲೆ ಅಲ್ಲಿಗೆ ಜಿಗಿಯಬಹುದು. ‘ದುಡ್ಡು ಬಂದಿಲ್ಲ’ ಎನ್ನುವವರ ಹಣ ಎಷ್ಟೋ ಸಲ ಹೀಗೆ ಮರೆತ ಖಾತೆಯಲ್ಲಿ ಕೂತಿರುತ್ತದೆ. ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಬೇಡದ ಬ್ಯಾಂಕ್ ಇದ್ದರೆ ಬೇಕಾದ ಬ್ಯಾಂಕಿಗೆ ಹೋಗಿ ಸೀಡಿಂಗ್, ಅಂದರೆ ಆಧಾರ್ ಜೋಡಣೆಯ ಅರ್ಜಿ ಕೊಡಿ. ಓಡಾಡಲಾಗದವರಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕ್ ವಾಸಿ, ಪೋಸ್ಟ್‌ಮನ್ ಮನೆ ಬಾಗಿಲಲ್ಲೇ ಹಣ ಕೊಡುತ್ತಾರೆ.

ಪಿಂಚಣಿ ಅರ್ಜಿ

ಶೇ. 40ರಿಂದ 74ರವರೆಗೆ ತಿಂಗಳಿಗೆ ₹800, 75 ಮತ್ತು ಮೇಲಿದ್ದರೆ ₹1,400. ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮಿನ ಪ್ರಕಾರ ವಿಕಲಚೇತನರಿಗೆ ಕೊಡುವ ನೆರವು ಅಂಥದ್ದೇ ಬೇರೆ ಯೋಜನೆಗಿಂತ ಕನಿಷ್ಠ ಶೇ. 25 ಹೆಚ್ಚಿರಬೇಕು. ವಿಧವಾ ವೇತನವೂ ₹800. ಲೆಕ್ಕ ನೀವೇ ಹಾಕಿಕೊಳ್ಳಿ.

ಆದಾಯ ಮಿತಿ ವರ್ಷಕ್ಕೆ ₹32,000, ಅಂದರೆ ತಿಂಗಳಿಗೆ ₹2,667 ಕೂಡ ದಾಟಬಾರದು. ಇಷ್ಟರಲ್ಲಿ ಬದುಕುವ ಮನೆ ಯಾವುದು ಎಂದು ಕೇಳಿ ಪ್ರಯೋಜನವಿಲ್ಲ, ಮಿತಿ ಅದೇ. ಮಗಳ ವಿದ್ಯಾರ್ಥಿವೇತನಕ್ಕೋ ಸಾಲಕ್ಕೋ ಮಾಡಿಸಿದ ಹಳೆಯ ಆದಾಯ ಪ್ರಮಾಣಪತ್ರದಲ್ಲಿ ₹60,000 ಎಂದಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಈಗಿನ ನಿಜವಾದ ಆದಾಯ ಕಡಿಮೆಯಿದ್ದರೆ ಮೊದಲು ಹೊಸದನ್ನು ಮಾಡಿಸಿ.

ಅರ್ಜಿ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್‌ನಲ್ಲಿ. ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೊದಲ ಪುಟ, ಫೋಟೊ, ಆದಾಯ ಪ್ರಮಾಣಪತ್ರ ಕೊಡಿ. 15 ಅಂಕಿಯ ಸಕಾಲ ನಂಬರಿರುವ ಸ್ವೀಕೃತಿ ಚೀಟಿ ಪಡೆಯದೆ ಕೌಂಟರ್ ಬಿಡಬೇಡಿ. ‘ಇಟ್ಟು ಹೋಗಿ, ಆಮೇಲೆ ಎಂಟ್ರಿ ಮಾಡ್ತೀವಿ’ ಎಂದರೆ ಆ ಅರ್ಜಿ ಲೆಕ್ಕಕ್ಕೇ ಇಲ್ಲ ಎಂದು ತಿಳಿಯಿರಿ. ಸರ್ಕಾರಿ ಸೇವೆಗೆ ಗಡುವು ಹಾಕುವ ಕಾಯ್ದೆಯೇ ಸಕಾಲ, ಆ ಅವಧಿ ಮೀರಿದರೆ ಅದರಡಿ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳಬಹುದು. ದುಡ್ಡು ಚಿಲ್ಲರೆ, ಆದರೆ ಕೇಳಿದರೆ ಫೈಲು ಅಲ್ಲಾಡುತ್ತದೆ. ಫೋನ್ ಮೂಲಕವೇ ಪಿಂಚಣಿ ಕೇಳಲು 2022ರಲ್ಲಿ ಕಂದಾಯ ಇಲಾಖೆ 155245 ಸಹಾಯವಾಣಿ ತೆರೆಯಿತು.

ಒಬ್ಬರಿಗೆ ಒಂದೇ ಪಿಂಚಣಿ. ವಿಧವೆ, ಅಂಗವಿಕಲೆ ಎರಡೂ ಆಗಿದ್ದರೆ ಹೆಚ್ಚಿನದನ್ನು ಆರಿಸಿ. ಶೇ. 75 ಮತ್ತು ಮೇಲಿದ್ದರೆ ₹1,400 ಬಿಡಬೇಡಿ. ಶೇ. 40–74ರ ₹800 ಪಡೆಯುವ ಕೃಷಿ ಕೂಲಿ ಅಥವಾ ಸಣ್ಣ ರೈತ ಮಹಿಳೆಗೆ 65 ತುಂಬಿದರೆ ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾದ ₹1,200ಕ್ಕೆ ಬದಲಾಯಿಸಿಕೊಳ್ಳುವುದು ಲಾಭ. ಹಳೆಯದನ್ನು ಮುಚ್ಚಿಟ್ಟು ಹೊಸದಕ್ಕೆ ಹಾಕಬೇಡಿ. ಆಧಾರ್ ಎರಡನ್ನೂ ಹಿಡಿದುಕೊಡುತ್ತದೆ, ಕೊನೆಗೆ ಎರಡೂ ನಿಂತು ಕೊಟ್ಟದ್ದನ್ನು ವಾಪಸ್ ಕೇಳುತ್ತಾರೆ.

ಜೊತೆಗೆ ಬರುವಂಥವು

ಗೃಹಲಕ್ಷ್ಮಿಯ ₹2,000 ಪಿಂಚಣಿಗಿಂತ ಬೇರೆ, ಪಿಂಚಣಿ ಬರುತ್ತಿದೆ ಎಂದು ಇದು ತಪ್ಪುವುದಿಲ್ಲ. ಆದರೆ ಹಣ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ. ಅತ್ತೆ ಯಜಮಾನಿಯಾದರೆ ಅತ್ತೆಗೇ. ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ ಇಲ್ಲ. ಹಿಂದೆ ಅಂಗಡಿಗೆಂದು ಮಾಡಿಸಿ ರದ್ದು ಮಾಡದೆ ಬಿಟ್ಟ ಜಿಎಸ್‌ಟಿ ನೋಂದಣಿ ಇದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ತಿಂಗಳ ಹಣ ಯಾವ ಬ್ಯಾಂಕಿಗೆ ಹೋಯಿತು ಎಂದು ಕಾಣುತ್ತದೆ.

ಪಂಚಾಯಿತಿ ತನ್ನ ಅನುದಾನದ ಶೇ. 5 ಭಾಗವನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು. ಶೌಚಾಲಯಕ್ಕೆ ಹಿಡಿಕಂಬಿ, ಮನೆ ಮೆಟ್ಟಿಲಿಗೆ ಇಳಿಜಾರು, ಚಿಕಿತ್ಸೆಗೆ ನೆರವು, ಏನು ಬೇಕೋ ಪಿಡಿಒಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಗ್ರಾಮ ಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಬೇಡಿಕೆ ಯಾವ ನಡಾವಳಿಯಲ್ಲೂ ಸಿಗುವುದಿಲ್ಲ. ಬಡತನ ನಿವಾರಣೆ ಯೋಜನೆಗಳಲ್ಲೂ ಮನೆ ಹಂಚಿಕೆಯಲ್ಲೂ ಶೇ. 5 ಮೀಸಲು, ಅದರಲ್ಲಿ ಮಹಿಳೆಯರಿಗೆ ಆದ್ಯತೆ ಎಂದು 2016ರ ಅದೇ ಕಾಯ್ದೆಯ 37ನೇ ಕಲಮು ಹೇಳುತ್ತದೆ. ಅರ್ಜಿಯಲ್ಲಿ ಆ ಕಲಮಿನ ಸಂಖ್ಯೆಯನ್ನೇ ನಮೂದಿಸಿ.

ಹೈನುಗಾರಿಕೆ, ಹೊಲಿಗೆ, ಕಿರಾಣಿಗೆ ಬಂಡವಾಳ ಬೇಕಿದ್ದರೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ. 18ರಿಂದ 55 ವಯಸ್ಸಿನವರಿಗೆ ₹3 ಲಕ್ಷದವರೆಗೆ ಬ್ಯಾಂಕ್ ಸಾಲ. ಪರಿಶಿಷ್ಟರಿಗೆ ಶೇ. 50, ಉಳಿದವರಿಗೆ ಶೇ. 30ರವರೆಗೆ ಸಹಾಯಧನ. ಅಂಗವಿಕಲ ಮತ್ತು ವಿಧವಾ ಮಹಿಳೆಯರಿಗೆ ಆದಾಯ ಮಿತಿ ಇಲ್ಲ. ಅರ್ಜಿ ಬೀಳುವುದು ಹೆಚ್ಚಾಗಿ ಬ್ಯಾಂಕಿನಲ್ಲಿ, ಹಳೆಯ ಸಂಘದ ಸಾಲ ಸುಸ್ತಿಯಾಗಿದ್ದರೆ. ಅದನ್ನು ತೀರಿಸಿ ‘ಬಾಕಿ ಇಲ್ಲ’ ಪತ್ರ ಇಟ್ಟುಕೊಂಡು ಹೋಗಿ.

ಬರುತ್ತಿದ್ದದ್ದು ನಿಂತರೆ

ಪಾಸ್‌ಬುಕ್ ಎಂಟ್ರಿ ಮಾಡಿಸಿ ಕೊನೆಯ ಜಮೆಯ ತಿಂಗಳು ನೋಡಿ. ಆಮೇಲೆ ಸೀಡಿಂಗ್, ಆಮೇಲೆ ಯುಡಿಐಡಿ ಅವಧಿ. ಎರಡೂ ಸರಿಯಿದ್ದರೆ ನಾಡಕಚೇರಿಯಲ್ಲಿ ಪಿಂಚಣಿ ಆದೇಶದ ಸಂಖ್ಯೆ ಕೊಟ್ಟು ಸ್ಥಿತಿ ಕೇಳಿ. ಪರಿಶೀಲನೆಗೆ ಬಂದ ದಿನ ಮನೆಗೆ ಬೀಗ ಹಾಕಿದ್ದರೆ ‘ವಾಸವಿಲ್ಲ’ ಎಂದೋ, ಹೆಸರು ಅದಲುಬದಲಾಗಿ ‘ಮರಣ’ ಎಂದೋ ಬರೆದಿರುವುದುಂಟು. ಆಗ ಹೊಸ ಅರ್ಜಿ ಹಾಕಬೇಡಿ. ಹಾಕಿದರೆ ನಿಂತ ತಿಂಗಳುಗಳ ಹಣ ಕೈಬಿಟ್ಟಂತೆ. ಹಳೆಯ ಆದೇಶದ ಪ್ರತಿ, ಆಧಾರ್, ರೇಷನ್ ಕಾರ್ಡ್ ಲಗತ್ತಿಸಿ ‘ಇಂಥ ತಿಂಗಳಿಂದ ಸ್ಥಗಿತಗೊಂಡ ಪಿಂಚಣಿಯನ್ನು ಪುನರಾರಂಭಿಸಿ, ಬಾಕಿಯನ್ನೂ ಪಾವತಿಸಬೇಕು’ ಎಂದು ತಹಶೀಲ್ದಾರರ ಹೆಸರಿಗೆ ಬರೆದು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.