ಆನ್ ಇದ್ದ ಫೋನನ್ನು ಆನ್ ಇಟ್ಟೇ ಲ್ಯಾಬ್ ಮುಟ್ಟಿಸಿದ್ದು

ವಾರಂಟ್ ಹಿಡಿದು ಶೋಧಕ್ಕೆ ಹೋಗುವ ಪೊಲೀಸ್ ತಂಡದ ಜೊತೆ ತಾಂತ್ರಿಕ ಕೆಲಸಕ್ಕೆ ಹೋಗುವವನು ನಾನು. ಪಂಚರು, ಮಹಜರು, ಸೀಲು ಎಲ್ಲ ನಿಮಗೆ ಗೊತ್ತಿದ್ದದ್ದೇ. ನನ್ನದು ಫೋನಿನ ವಿಷಯ ಮಾತ್ರ.

"ಸ್ವಿಚ್ ಆಫ್ ಮಾಡಿ ಕವರಿಗೆ ಹಾಕ್ರೀ, ಮುಗೀತು" ಅನ್ನುವವರೇ ಜಾಸ್ತಿ. ನಿಜ, ಅಲ್ಲಿಗೆ ಸಾಕ್ಷ್ಯವೂ ಮುಗಿಯುತ್ತದೆ. ಆಫ್ ಆಗಿ ಮತ್ತೆ ಆನ್ ಆದ ಫೋನಿಗೆ ಪಾಸ್‌ಕೋಡ್ ಬೀಳುವ ತನಕ ಫೊರೆನ್ಸಿಕ್ ಲ್ಯಾಬಿನವರಿಗೆ ಸಿಗುವುದು ಚೂರುಪಾರು. ಆನ್ ಇದ್ದು, ಒಮ್ಮೆ ತೆರೆದು ಲಾಕ್ ಆದ ಫೋನಿನಲ್ಲಿ ಅವಕಾಶ ಎಷ್ಟೋ ಜಾಸ್ತಿ. ಹಾಗಂತ ಸುಮ್ನೆ ಆನ್ ಇಟ್ಟು ತಂದರೆ, ದಾರಿಯಲ್ಲೇ ಯಾರೋ ಎಲ್ಲಿಂದಲೋ ನೆಟ್‌ವರ್ಕ್ ಮೂಲಕ ಡೇಟಾ ಅಳಿಸಿಬಿಡಬಹುದು.

ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ 2021ರಲ್ಲೇ ಫ್ಯಾರಡೆ ಕವರ್, ಅಂದರೆ ಸಿಗ್ನಲ್ ಒಳಗೆ ಬಿಡದ ಚೀಲ, ಬಳಸಲು ಹೇಳಿದೆ. ಕವರ್ ಬಂತು, ಹೊಸ ತಲೆನೋವೂ ಬಂತು. ಟವರ್ ಸಿಗದ ಫೋನ್ ಹುಡುಕಿ ಹುಡುಕಿ ಬ್ಯಾಟರಿ ತಿನ್ನುತ್ತದೆ. ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇದ್ದದ್ದು ಲ್ಯಾಬ್ ಸೇರುವಷ್ಟರಲ್ಲಿ ಸತ್ತಿರುತ್ತಿತ್ತು. ಏರೋಪ್ಲೇನ್ ಮೋಡ್ ಹಾಕಬಹುದಲ್ವಾ? ಲಾಕ್ ಆದ ಎಷ್ಟೋ ಫೋನ್‌ಗಳಲ್ಲಿ ಆ ಮೆನು ಇಳಿಯುವುದೇ ಇಲ್ಲ.

ಚಾರ್ಜರ್ ವೈರನ್ನು ಕವರಿನಿಂದ ಹೊರಗೆ ಬಿಟ್ಟು ನೋಡಿದೆವು. ವೈರೇ ಆಂಟೆನಾ ಆಯಿತು, ಕರೆ ಸಲೀಸಾಗಿ ಬಂತು. ಕುಕ್ಕರ್ ಒಳಗಿಟ್ಟರೆ ರಬ್ಬರ್ ಸಂದಿಯಲ್ಲಿ ಸಿಗ್ನಲ್ ನುಗ್ಗಿತು. ಅದರೊಳಗಿಂದ ರಿಂಗ್ ಕೇಳಿ ಕಾನ್‌ಸ್ಟೇಬಲ್ ಒಬ್ಬರು ಸೀಟಿ ಎಷ್ಟಾಯ್ತು ಸಾರ್ ಅಂದರು. ಮೈಕ್ರೊವೇವ್ ಕೂಡ ನಂಬುವ ಹಾಗಿರಲಿಲ್ಲ.

ಕೊನೆಗೆ ಗೆದ್ದಿದ್ದು ಅಡುಗೆಮನೆಯ ಫಾಯಿಲ್. ಸುಮಾರು ಸಾವಿರ ರೂಪಾಯಿಯ ಪವರ್ ಬ್ಯಾಂಕು, ಚಾರ್ಜ್ ಮಾತ್ರ ಹರಿಯುವ ಗಿಡ್ಡ ಕೇಬಲ್ಲು, ಫೋನು. ಮೂರನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಫಾಯಿಲ್ ನಾಲ್ಕೈದು ಸುತ್ತು. ಪ್ರತಿ ಸುತ್ತಿನ ಅಂಚನ್ನೂ ಎರಡೆರಡು ಸಲ ಮಡಿಸಿ ಒತ್ತಬೇಕು, ಸೋರುವುದು ಅಲ್ಲೇ. ಅದರ ಮೇಲೆ ಫ್ಯಾರಡೆ ಕವರ್. ಕವರೊಂದನ್ನೇ ನೆಚ್ಚಬೇಡಿ. ಐದಾರು ಸಾವಿರ ಕೊಟ್ಟು ತಂದ ನಮ್ಮ ಕವರ್ ಮಡಿಕೆಯಲ್ಲಿ ಸವೆದು ವರ್ಷದೊಳಗೆ ಸೋರತೊಡಗಿತು. ಇನ್ನೊಂದು: ಫೋನ್ ಪೂರ್ತಿ ಚಾರ್ಜ್ ಆದ ಕೂಡಲೇ ಕೆಲವು ಪವರ್ ಬ್ಯಾಂಕ್‌ಗಳು ತಾವೇ ಮಲಗಿಬಿಡುತ್ತವೆ. ಮಲಗದ ಮಾಡೆಲ್ ಯಾವುದು, ಬಿಸಿ ಏರದಂತೆ ಒಳಗೆ ಏನಿಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

"ಇದೇನ್ರೀ, ಚಪಾತಿ ಕಟ್ಟಿದ ಹಾಗೆ" ಅಂದಿದ್ದರು ಇನ್‌ಸ್ಪೆಕ್ಟರ್ ಸಾಹೇಬರು. ಎರಡು ರಾತ್ರಿ ಕಳೆದು ಲ್ಯಾಬಿನಲ್ಲಿ ಬಿಚ್ಚಿದಾಗ ಚಾರ್ಜ್ ಎಂಬತ್ತರ ಮೇಲೆಯೇ ಇತ್ತು. ಈಗ ಅವರ ಜೀಪಿನಲ್ಲೇ ಒಂದು ರೋಲ್ ಇರುತ್ತದೆ. ಬಿಲ್ ಮಾತ್ರ ಪಾಸಾಗುವುದಿಲ್ಲ, ಅಡುಗೆ ಸಾಮಾನು ಯಾಕೆ ಅಂತ ಪ್ರಶ್ನೆ ಬರುತ್ತದೆ.

ಸುತ್ತುವುದನ್ನೂ ಬಿಡದೆ ವಿಡಿಯೋ ಮಾಡಿಸಿ. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಂನಡಿ ಶೋಧ, ಜಪ್ತಿಯನ್ನು ಹೇಗೂ ರೆಕಾರ್ಡ್ ಮಾಡಲೇಬೇಕು.

ಸ್ಥಳದಲ್ಲೇ ಕಾಪಿ ಮಾಡಿದ ಡೇಟಾದ ಹ್ಯಾಶ್ ಅನ್ನು (ಡೇಟಾ ಆಮೇಲೆ ಬದಲಾಗಿಲ್ಲ ಅಂತ ತೋರಿಸುವ ಅಂಕಿ-ಅಕ್ಷರಗಳ ಸಾಲು) ಮಹಜರಿಗೆ ಕೈಯಲ್ಲಿ ಬರೆಯಬೇಡಿ. 64 ಅಕ್ಷರದಲ್ಲಿ ಇಂಗ್ಲಿಷಿನ ಬಿ ಯಾವುದು, ಆರು ಯಾವುದು ಅಂತ ವಕೀಲರು ಹಿಡಿದುಕೊಳ್ಳುತ್ತಾರೆ. ಪುಟ್ಟ ಥರ್ಮಲ್ ಪ್ರಿಂಟರ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಚೀಟಿಯ ಅಕ್ಷರ ಮಾಸುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಐಫೋನ್ ಸಿಕ್ಕರೆ ಅವಸರ ಮಾಡಿ. ಅದರ ಸಾಫ್ಟ್‌ವೇರ್ ಐಒಎಸ್ 18.1ರಿಂದ ಈಚೆಗೆ, ಮೂರು ದಿನ ಅನ್‌ಲಾಕ್ ಆಗದಿದ್ದರೆ ಅದು ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಅದನ್ನು ಫಾಯಿಲೂ ತಡೆಯದು, ಪವರ್ ಬ್ಯಾಂಕೂ ತಡೆಯದು. ಶುಕ್ರವಾರ ಸಂಜೆ ಹಿಡಿದಿದ್ದನ್ನು ಸೋಮವಾರ ನೋಡೋಣ ಅಂದರೆ ಕೈತಪ್ಪಿದ ಹಾಗೆಯೇ, ರಾತ್ರಿಯೇ ಜೀಪು ಹೊರಡಿಸಿ.