ಮೊಣಗಂಟಿಗೆ ಸೂಜಿ: ಅಕ್ಯುಪಂಕ್ಚರ್ ಮಾಡಿಸಿಕೊಳ್ಳುವ ಕ್ರಮ

ಆಟಿ ತಿಂಗಳ ಜಡಿಮಳೆಗೆ ಗಂಟುನೋವು ಏರಿದರೆ ಕುಂಬಳೆ, ಬದಿಯಡ್ಕದ ಕಡೆ ಹೇಳುವುದು ಒಂದೇ ಮಾತು: ಶೀತ ಹಿಡಿದಿದೆ, ವಾಯು ಕೂತಿದೆ. ಚೀನಾದ ಹಳೆಯ ವೈದ್ಯರ ವಿವರಣೆಯೂ ಹೆಚ್ಚುಕಡಿಮೆ ಇದೇ. ಗಾಳಿ, ಚಳಿ, ತೇವ ಗಂಟಿನೊಳಗೆ ಹೊಕ್ಕು ‘ಚೀ’ ಎಂಬ ಪ್ರಾಣಶಕ್ತಿಯ ಹರಿವನ್ನು ತಡೆಯುತ್ತವೆ. ಹರಿವು ನಿಂತಲ್ಲಿ ನೋವು. ತೋಟದ ಕಣಿಗೆ ಅಡ್ಡಬಿದ್ದ ಸೋಗೆಯನ್ನು ಎಳೆದು ಹಾಕಿದರೆ ನೀರು ಹರಿಯುತ್ತದಲ್ಲ, ಸೂಜಿಯ ಕೆಲಸವೂ ಹಾಗೇ ಎಂಬುದು ಅವರ ಲೆಕ್ಕ.

ಸುಮಾರು 2,000 ವರ್ಷ ಹಿಂದಿನ ‘ಹುವಾಂಗ್‌ಡಿ ನೇಜಿಂಗ್’ ಗ್ರಂಥದಿಂದ ಬೆಳೆದು ಬಂದ ಈ ಪದ್ಧತಿಯಲ್ಲಿ ಈಗ ಬಳಕೆಯಲ್ಲಿರುವುದು 14 ಮುಖ್ಯ ನಾಡಿಮಾರ್ಗ, 361 ಬಿಂದು. ದೇಹ ಕೊಯ್ದು ನೋಡಿದರೆ ಚೀ ಹರಿಯುವ ನಾಳ ಎಲ್ಲೂ ಸಿಗುವುದಿಲ್ಲ. ಆದರೂ ಎಲ್ಲಿ ಚುಚ್ಚಬೇಕು ಎಂಬುದಕ್ಕೆ ಇವತ್ತಿಗೂ ಆ ನಕ್ಷೆಯೇ ಬಳಕೆಯಲ್ಲಿದೆ. ಚುಚ್ಚಿದರೆ ಏನಾಗುತ್ತದೆ, ಎಷ್ಟು ಗುಣ ನಿರೀಕ್ಷಿಸಬಹುದು ಎಂಬುದಕ್ಕೆ ಮಾತ್ರ ಪ್ರಯೋಗಾಲಯದ ಕಡೆ ನೋಡಬೇಕು. ನಮ್ಮ ಕಳರಿಯವರ ಮರ್ಮದೊಂದಿಗೆ ಇದನ್ನು ಬೆರೆಸುವವರಿದ್ದಾರೆ. ಸುಶ್ರುತ ಹೇಳುವ 107 ಮರ್ಮಗಳು ಪೆಟ್ಟು ಬೀಳದಂತೆ ಕಾಯಬೇಕಾದ ಜಾಗಗಳು, ಲೆಕ್ಕವೇ ಬೇರೆ.

ಬಿಂದು ಹುಡುಕುವುದು

ಅಳತೆಗೋಲು ರೋಗಿಯದೇ ಕೈ. ಹೆಬ್ಬೆರಳ ಗಂಟಿನ ಅಗಲ 1 ‘ತ್ಸುನ್’, ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು ಜೋಡಿಸಿದರೆ 3 ತ್ಸುನ್. ಅಡಿಕೆ ಸುಲಿದು ದಪ್ಪಗಾದ ಕೈಯಿರುವ ಚಿಕಿತ್ಸಕ ತನ್ನ ಬೆರಳಿನಿಂದ ಸಣ್ಣ ಮೈಯ ಹೆಂಗಸಿನ ಕಾಲು ಅಳೆದರೆ ಬಿಂದು ತಪ್ಪುತ್ತದೆ.

ಮೊಣಗಂಟಿನ ನೋವಿಗೆ ಹೆಚ್ಚಾಗಿ ಬಳಸುವ ‘ಝೂಸಾನ್‌ಲೀ’ಯನ್ನು ಹೀಗೆ ಗುರುತಿಸಬಹುದು. ಮೊಣಕಾಲು ಮಡಚಿ ಕೂತರೆ ಚಿಪ್ಪಿನ ಕೆಳಗೆ ಎರಡು ಬದಿಗೂ ಗುಳಿ ಬೀಳುತ್ತದೆ. ಹೊರಬದಿಯ ಗುಳಿಯಿಂದ ನಾಲ್ಕು ಬೆರಳು ಕೆಳಗೆ ಇಳಿಯಿರಿ. ಅಲ್ಲಿಂದ ಮುಂಗಾಲ ಎಲುಬಿನ ಅಂಚು ಬಿಟ್ಟು ಒಂದು ಬೆರಳಷ್ಟು ಹೊರಗೆ ಸರಿದು ಒತ್ತಿ. ಸುತ್ತಲಿಗಿಂತ ಆಳವಾಗಿ ನೋಯುವ ಮಾಂಸಖಂಡ ಸಿಕ್ಕಿದರೆ ಅದೇ ಜಾಗ. ಮನೆಯಲ್ಲಿ ಒತ್ತಿ ನೋಡಬಹುದು, ಚುಚ್ಚಿಕೊಳ್ಳುವಂತಿಲ್ಲ.

ಸೂಜಿ ಹಾಕುವಾಗ

ಊಟ ಬಿಟ್ಟು ಹೋಗಬೇಡಿ. ಹಸಿದ ಹೊಟ್ಟೆಯಲ್ಲಿ ಸೂಜಿ ಹಾಕಿಸಿಕೊಂಡರೆ ತಲೆಸುತ್ತು ಬರುವುದು ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್, ಬಸಿರು, ಈ ಮೂರನ್ನು ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಕರೆಂಟು ಕೊಡುವ ಸೂಜಿ ಬೇಡ. ಹೆಬ್ಬೆರಳು-ತೋರುಬೆರಳಿನ ನಡುವಿನ ಬಿಂದು, ಒಳಗಾಲ ಹರಡಿನ ಮೇಲಿನ ಬಿಂದು ಇವೆರಡನ್ನು ಬಸುರಿಯರಿಗೆ ಹಿಂದಿನಿಂದಲೂ ವರ್ಜ್ಯ ಮಾಡಿದ್ದಾರೆ. ಕಾಸರಗೋಡಿನಲ್ಲಿ ಒಪ್ಪಿಗೆಪತ್ರ ಮಲಯಾಳದಲ್ಲಿರುವುದು ಸಾಮಾನ್ಯ. ಓದಲು ಬಾರದಿದ್ದರೆ ಓದಿಸಿಕೊಂಡೇ ಸಹಿ ಹಾಕಿ.

ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಬೇಕು, ಬಳಸಿದ್ದು ಗಟ್ಟಿ ಡಬ್ಬಕ್ಕೆ ಬೀಳಬೇಕು. ಕುದಿಸಿ ಮತ್ತೆ ಬಳಸುತ್ತೇವೆ ಅಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ಹೀಗೂ ಹರಡುತ್ತದೆ. ಮೊಣಗಂಟಿಗೆ ಸಾಮಾನ್ಯವಾಗಿ 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ ಸ್ಟೀಲ್ ಸೂಜಿ ಸಾಕು. ಇಂಜೆಕ್ಷನ್ ಸೂಜಿಯಂತೆ ಇದರೊಳಗೆ ತೂತಿಲ್ಲ. ಪ್ಲಾಸ್ಟಿಕ್ ಕೊಳವೆ ಇಟ್ಟು ತಟ್ಟಿದಾಗ ಇರುವೆ ಕಚ್ಚಿದಷ್ಟು ಗೊತ್ತಾಗುತ್ತದೆ, ಆಮೇಲೆ ನಿಧಾನ ಒಳಗಿಳಿಸಿ ಆಚೀಚೆ ತಿರುಗಿಸುತ್ತಾರೆ. ಆಗ ಬರಬೇಕಾದ್ದು ‘ದೆ ಚೀ’: ಭಾರ, ಮಂದ ಸೆಳೆತ, ಕಾಲ ಕೆಳಗೆ ಹಬ್ಬುವ ಜುಮ್ಮು. ಮಲಯಾಳಿ ಚಿಕಿತ್ಸಕರಾದರೆ ಸೆಳೆತಕ್ಕೆ ‘ಕಡಚ್ಚಿಲ್’, ಜುಮ್ಮಿಗೆ ‘ತರಿಪ್ಪ್’ ಅನ್ನಿ. ಇವು ಬಂದರೆ ತೊಂದರೆಯಿಲ್ಲ. ಚುರುಕ್ಕೆಂದು ಕರೆಂಟು ಹೊಡೆದಂತಾದರೆ ಮಾತ್ರ ‘ಷಾಕ್’ ಎಂದು ಕೂಡಲೇ ಹೇಳಿ. ಸೂಜಿ ನರಕ್ಕೆ ತಾಗಿದೆ, ಹಿಂದಕ್ಕೆ ಎಳೆಯಲೇಬೇಕು.

ಸೂಜಿ 20ರಿಂದ 30 ನಿಮಿಷ ಇರುತ್ತದೆ. ಅಷ್ಟು ಹೊತ್ತು ಕಾಲು ಅಲ್ಲಾಡಿಸಬೇಡಿ.

ಆ ಅರ್ಧ ಗಂಟೆಯಲ್ಲಿ ಒಳಗೆ ಏನಾಗುತ್ತದೆ

ಸೂಜಿ ತಿರುಗಿಸಿದಾಗ ಚರ್ಮದಡಿಯ ಕೊಲಾಜನ್ ಎಳೆಗಳು ಕದಿರಿಗೆ ನೂಲು ಸುತ್ತಿದಂತೆ ಸುತ್ತಿಕೊಳ್ಳುತ್ತವೆ. ಚಿಕಿತ್ಸಕರ ಬೆರಳಿಗೆ ಹಿಡಿತ ಸಿಕ್ಕಿದಂತಾಗುವುದಕ್ಕೆ ಇದೂ ಕಾರಣ. ಆ ಎಳೆತ, ಚುಚ್ಚಿದ ಸಣ್ಣ ಗಾಯ ಎರಡೂ ಸೇರಿ ಸುತ್ತಲ ನರತುದಿಗಳನ್ನು ಎಬ್ಬಿಸುತ್ತವೆ. ಜೀವಕೋಶಗಳಿಂದ ಅಡಿನೋಸಿನ್ ಹೊರಬಂದು ನೋವಿನ ನರವನ್ನು ತಣಿಸುತ್ತದೆ ಎಂದು 2010ರಲ್ಲಿ ಇಲಿಗಳಲ್ಲಿ ತೋರಿಸಿದರು. ಅಲ್ಲಿ ಚುಚ್ಚಿದ್ದೂ ಇದೇ ಝೂಸಾನ್‌ಲೀಗೆ. ಬೆನ್ನುಹುರಿ, ಮಿದುಳಿನ ಮಟ್ಟದಲ್ಲಿ ಎಂಡಾರ್ಫಿನ್, ಅಂದರೆ ಅಫೀಮಿನಂತೆ ನೋವಿಳಿಸುವ ಮೈಯದೇ ರಾಸಾಯನಿಕ, ಬಿಡುಗಡೆಯಾಗುತ್ತದೆ. 1977ರ ಹಲ್ಲುನೋವಿನ ಪ್ರಯೋಗದಲ್ಲಿ, ಅಫೀಮಿನ ಪರಿಣಾಮ ತಡೆಯುವ ನಾಲೊಕ್ಸೋನ್ ಕೊಟ್ಟಾಗ ಸೂಜಿಯಿಂದ ಸಿಕ್ಕಿದ್ದ ಆರಾಮವೂ ಇಳಿಯಿತು. ಕರೆಂಟು ಜೋಡಿಸುವುದಾದರೆ ಸೆಕೆಂಡಿಗೆ 2 ಮಿಡಿತ ಕೊಟ್ಟಾಗ ಎಂಡಾರ್ಫಿನ್-ಎನ್‌ಕೆಫಲಿನ್, 100 ಕೊಟ್ಟಾಗ ಅದೇ ಜಾತಿಯ ಡೈನಾರ್ಫಿನ್ ಹೆಚ್ಚು ಎಂಬುದು ಬೀಜಿಂಗ್‌ನ ಹಾನ್ ಜೀಶೆಂಗ್ ತಂಡ ಕಂಡುಕೊಂಡದ್ದು.

ಹಾಗಾದರೆ ಬಿಂದು ಕೂದಲೆಳೆಯಷ್ಟು ತಪ್ಪಿದರೂ ಕೆಲಸ ಕೆಟ್ಟಿತೇ? ಇಲ್ಲ. 2007ರಲ್ಲಿ ಜರ್ಮನಿಯಲ್ಲಿ ಬೆನ್ನುನೋವಿನ 1,162 ಜನರನ್ನು ನೋಡಿದಾಗ ಸರಿಯಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾಮೂಲು ಚಿಕಿತ್ಸೆಯವರಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತು. 39 ಪ್ರಯೋಗಗಳ 20,827 ರೋಗಿಗಳ ಲೆಕ್ಕ ಒಟ್ಟುಹಾಕಿದ 2018ರ ವಿಶ್ಲೇಷಣೆಯಲ್ಲಿ ನಿಜವಾದ ಸೂಜಿ ಹೋಲಿಕೆಗೆಂದು ಹಾಕಿದ ಸುಳ್ಳು ಸೂಜಿಗಿಂತ ಮೇಲೆಯೇ ನಿಂತಿತು, ಆದರೆ ಅಂತರ ಸಣ್ಣದು. ಉಳಿದ ಪಾಲು ನಂಬಿಕೆ, ಆರೈಕೆ, ಅರ್ಧ ಗಂಟೆ ಮಲಗಿದ ವಿಶ್ರಾಂತಿಯದು. ನೋವು ಕಡಿಮೆಯಾಗಬಹುದು, ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಸಕ್ಕರೆಕಾಯಿಲೆ, ಕ್ಯಾನ್ಸರ್ ಗುಣಮಾಡುತ್ತೇವೆಂಬ ಬೋರ್ಡು ಕಂಡರೆ ಒಳಗೆ ಹೋಗುವ ಅಗತ್ಯವೇ ಇಲ್ಲ.

ವಾರಕ್ಕೆ ಒಂದೋ ಎರಡೋ ಸಲದಂತೆ 6ರಿಂದ 10 ಸಲ ಸಾಮಾನ್ಯ ಕ್ರಮ. ಮನೆಯ ಮೆಟ್ಟಿಲು ಇಳಿಯುವಾಗಿನ ನೋವಿಗೆ 0ಯಿಂದ 10ರೊಳಗೆ ಅಂಕ ಕೊಟ್ಟು ದಿನವೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಆರು ಸಲವಾದರೂ ಅಂಕ ಇಳಿಯದಿದ್ದರೆ ನಿಲ್ಲಿಸಿ.

ಎಡವಟ್ಟಾದರೆ

ಬೆವರಿ ಮುಖ ಬಿಳಿಚಿಕೊಂಡರೆ ಸೂಜಿಗಳನ್ನೆಲ್ಲ ತೆಗೆದು, ಮಲಗಿಸಿ ಕಾಲು ಎತ್ತರಕ್ಕಿಡಬೇಕು. ಎಚ್ಚರ ಬಂದ ಮೇಲೆ ಬೆಲ್ಲನೀರು. ಸ್ನಾಯು ಬಿಗಿದು ಸೂಜಿ ಹೊರಬಾರದಿದ್ದರೆ ಜಗ್ಗಬಾರದು. ಐದು ನಿಮಿಷ ಬಿಟ್ಟು, ಸುತ್ತ ಮೆಲ್ಲಗೆ ತಟ್ಟಿದರೆ ಸಡಿಲವಾಗುತ್ತದೆ. ತೆಗೆದ ಜಾಗ ನೀಲಿಗಟ್ಟಿದರೆ ಹತ್ತಿ ಒತ್ತಿಹಿಡಿಯಿರಿ, ತಿಕ್ಕಬೇಡಿ.

ಗೆರಸೆ ತೊಡೆಯ ಮೇಲಿಟ್ಟು ದಿನವಿಡೀ ಬೀಡಿ ಕಟ್ಟುವ ಹೆಂಗಸರಿಗೆ ಕುತ್ತಿಗೆ-ಹೆಗಲ ನೋವೇ ಜಾಸ್ತಿ. ಅಪಾಯವೂ ಅಲ್ಲೇ ಜಾಸ್ತಿ. ಹೆಗಲ ಮೇಲಿನ ಮಾಂಸದ ಅಡಿಯಲ್ಲೇ ಶ್ವಾಸಕೋಶದ ತುದಿಯಿದೆ. ನೆಟ್ಟಗೆ ಆಳಕ್ಕೆ ಇಳಿಸಿದರೆ ತೂತಾಗಬಹುದು. ಮನೆಗೆ ಬಂದು ಕೆಲವು ಗಂಟೆಯ ಮೇಲೂ ಎದೆನೋವು, ಏದುಸಿರು ಬಂದರೆ ಸೀದಾ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿದ್ದನ್ನು ಹೇಳಿ ಎಕ್ಸ್‌ರೇ ತೆಗೆಸಿ.

ಗಂಟು ಕೆಂಪಾಗಿ ಬಿಸಿಯಿದ್ದು ಜ್ವರ ಬಂದಿದ್ದರೆ, ಬೆನ್ನುನೋವಿನ ಜೊತೆ ಕಾಲು ಸೋತು ಮೂತ್ರ ಕಟ್ಟಿದ್ದರೆ ಅಕ್ಯುಪಂಕ್ಚರ್‌ಗೆ ಹೋಗಲೇಬೇಡಿ. ಅದು ಅದೇ ದಿನ ಡಾಕ್ಟರು ನೋಡಬೇಕಾದ ಕಾಯಿಲೆ.

ಮನೆಯಲ್ಲಿ ಸೂಜಿಯಿಲ್ಲದೆ ಮಾಡಬಹುದಾದ್ದು ಒಂದಿದೆ: ‘ನೇಗ್ವಾನ್’ ಒತ್ತುವುದು. ಅಂಗೈ ಮೇಲಕ್ಕೆ ಹಿಡಿದು, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ 2 ತ್ಸುನ್, ನಡುವಿನ ಎರಡು ಸ್ನಾಯುಹುರಿಗಳ ನಡುವೆ. ಆಪರೇಷನ್ ಆದ ಮೇಲಿನ ವಾಕರಿಕೆಗೆ ಇದರ ಉಪಯೋಗ ಅನೇಕ ಪ್ರಯೋಗಗಳಲ್ಲಿ ಕಂಡಿದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸುವವರೂ ಹೆಬ್ಬೆರಳಿನಿಂದ ಎರಡು-ಮೂರು ನಿಮಿಷ ಒತ್ತಿ ನೋಡಬಹುದು, ಖರ್ಚೇನಿಲ್ಲ.